ಹಿತಾಸಕ್ತಿ ಇರುವವರು ಹೊರಗೆ

ಕ್ಲೆಗ್‌ಬರಿ ಪಟ್ಟಣವನ್ನು ಮೇಲೆತ್ತಲು ಹಣ ಕೊಡುತ್ತೇವೆ, ಆದರೆ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಹೇಳಲು ಊರಿನವರದೇ ಒಂದು ಮಂಡಳಿ ಇರಬೇಕು ಎಂದು ಲಂಡನ್ನಿನ ಸರ್ಕಾರದಿಂದ ಸುದ್ದಿ ಬಂತು. ಹಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದುವರೆಗೆ ಬೀದಿದೀಪ ಕೆಟ್ಟರೂ ತಲೆ ಎತ್ತಿ ನೋಡದವರಿಗೆಲ್ಲ ಊರಿನ ಮೇಲೆ ಪ್ರೀತಿ ಉಕ್ಕಿತು. ಚರ್ಚಿನ ಪಾದ್ರಿ ಬಂದರು, ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದರು, ಹಳೆಯ ಹತ್ತಿ ಗಿರಣಿಗಳನ್ನು ಕೊಂಡು ಬಾಡಿಗೆಗೆ ಬಿಡುವ ಥ್ರೆಲ್‌ಫಾಲ್ ಎಲ್ಲರಿಗಿಂತ ಮೊದಲೇ ಬಂದು ಕೂತ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಹೆಸ್ಕೆತ್ ಅಧ್ಯಕ್ಷರಾದರು. ಮಾರುಕಟ್ಟೆಯವರು ತಮ್ಮ ಪರವಾಗಿ ಚೀಸ್ ಮಾರುವ ನೋರೀನಳನ್ನು ಕಳಿಸಿದರು.

ಅವಳನ್ನು ಕಳಿಸಲು ಕಾರಣವಿತ್ತು. ಮಾರುಕಟ್ಟೆಯ ಗಾಜಿನ ಛಾವಣಿ ಎಷ್ಟು ಸೋರುತ್ತಿತ್ತೆಂದರೆ, ನೋರೀನ್ ಬೆಳಿಗ್ಗೆ ಚೀಸಿಗಿಂತ ಮೊದಲು ಬಕೆಟ್ಟುಗಳನ್ನು ಜೋಡಿಸಬೇಕಿತ್ತು. ರಿಪೇರಿ ಆಗದಿದ್ದರೆ ಬರುವ ವಸಂತಕ್ಕೆ ಬೀಗ ಹಾಕುತ್ತೇವೆ ಎಂದು ನಗರಸಭೆ ಹೇಳಿಯಾಗಿತ್ತು. ಅವಳ ಅಂಗಡಿ ಮೊದಲು ಅವಳ ತಾಯಿ ನಡೆಸುತ್ತಿದ್ದದ್ದು. ತಾಯಿಯಂತೆಯೇ ಅವಳೂ ತೂಕವಾದ ಮೇಲೆ ಒಂದು ಚೂರು ಚೀಸನ್ನು ಪುಕ್ಕಟೆಯಾಗಿ ಮೇಲಿಡುತ್ತಿದ್ದಳು. ಹೆಸ್ಕೆತ್ ಪ್ರತಿ ಶುಕ್ರವಾರ ಬರುತ್ತಿದ್ದದ್ದು ಚೀಸಿಗೋ ಆ ಚೂರಿಗೋ ಎಂದು ಪಕ್ಕದ ಮಾಂಸದಂಗಡಿಯ ಸ್ಟ್ಯಾನ್ಲಿ ಚುಡಾಯಿಸುತ್ತಿದ್ದ.

ಸಭೆಗೆ ಹೊರಟಾಗ ಸ್ಟ್ಯಾನ್ಲಿ ಅವಳ ಕೋಟಿನ ತೋಳು ಹಿಡಿದು ನಿಲ್ಲಿಸಿದ.

"ನೋಡು ಮಾರಾಯ್ತಿ, ಹಿತಾಸಕ್ತಿ ಇರೋರು ಯಾರು ಅಂತ ಶುರುವಿನಲ್ಲೇ ಕೇಳ್ತಾರೆ. ನೀನು ಬಾಯಿ ಬಿಡ್ಬೇಡ. ಬಿಟ್ರೆ ಹೊರಗೆ ಕಳಿಸ್ತಾರೆ."

"ನನಗೇನು ತಲೆ ಕೆಟ್ಟಿದ್ಯಾ?" ಎಂದಳು ನೋರೀನ್.

ಗ್ರಂಥಾಲಯದ ಮಹಡಿಯಲ್ಲಿ ಚಹಾ ಆಯಿತು, ಬಿಸ್ಕತ್ತಾಯಿತು, ಮಳೆಯ ಬಗ್ಗೆ ಮಾತಾಯಿತು. ಆಮೇಲೆ ಹೆಸ್ಕೆತ್ ಕನ್ನಡಕ ಸರಿಮಾಡಿಕೊಂಡು, ಇಂದಿನ ವಿಷಯ ಮಾರುಕಟ್ಟೆ, ಇದರಲ್ಲಿ ಸ್ವಂತ ಹಿತಾಸಕ್ತಿ ಇರುವವರು ದಯವಿಟ್ಟು ಹೇಳಿ ಎಂದರು. ನೋರೀನ್ ಬಾಯಿ ಬಿಗಿಹಿಡಿದು ಕೂತಳು. ಆದರೆ ಈ ಊರಿನವರ ಹಣೆಬರಹವೇ ಅಷ್ಟು. ಯಾರಾದರೂ ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುವ ಜನ. ನಯವಾಗಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಕೂರುವುದು ಅವಳಿಂದ ಆಗಲಿಲ್ಲ. ಕೈ ತಾನಾಗಿ ಮೇಲೆ ಹೋಯಿತು.

"ನನ್ನ ಅಂಗಡಿ ಇದೆಯಲ್ಲಾ," ಎಂದಳು.

ಹೆಸ್ಕೆತ್ ಮುಖ ಸಪ್ಪಗೆ ಮಾಡಿಕೊಂಡು ಬಾಗಿಲು ತೋರಿಸಿದರು.

ಥ್ರೆಲ್‌ಫಾಲ್ ಕೈ ಎತ್ತಲಿಲ್ಲ. ಮಾರುಕಟ್ಟೆಗೆ ಅಂಟಿಕೊಂಡಿದ್ದ ಕಾರು ನಿಲ್ಲಿಸುವ ಜಾಗ ಅವನದೆಂದು ಊರಿಗೆಲ್ಲ ಗೊತ್ತಿತ್ತು. ಕಾಗದದ ಮೇಲೆ ಮಾತ್ರ ಅದು ಅವನ ನಾದಿನಿಯದು. ಹೊರಗಿನ ಬೆಂಚಿನ ಮೇಲೆ ಕೂತ ನೋರೀನಳಿಗೆ ಗಾಜಿನ ಬಾಗಿಲಿನಾಚೆ ಅವನು ಬಣ್ಣದ ನಕ್ಷೆ ಹರಡಿದ್ದು ಕಂಡಿತು. ಅದರಲ್ಲಿ ಮಾರುಕಟ್ಟೆಯೂ ಆ ಕಾರಿನ ಜಾಗವೂ ಇದ್ದ ಕಡೆ ಮನೆಗಳಿದ್ದವು, ಮನೆಗಳ ಮುಂದೆ ಎಳೆಯ ಮರಗಳಿದ್ದವು. ಮಾರುಕಟ್ಟೆಯ ಮಾತಾಡಬೇಕಾದವಳು ಹೊರಗೆ, ಅದನ್ನು ಕೆಡವಬೇಕೆನ್ನುವವನು ಒಳಗೆ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು. ಮನೆಗಾದರೂ ಹೋಗೋಣವೆಂದರೆ ಕೋಟು ಒಳಗಿತ್ತು.

ಕೋಟಿಗೆಂದು ಒಳಗೆ ಹೋದವಳು ಅದನ್ನು ತೋಳಿಗೆ ಹಾಕಿಕೊಂಡಳು. ಗೋಡೆಯ ಬಳಿ ಸಾರ್ವಜನಿಕರಿಗೆಂದು ಹಾಕಿದ್ದ ಕುರ್ಚಿಗಳು ಖಾಲಿ ಬಿದ್ದಿದ್ದವು. ಅವಳು ಎದೆಯ ಮೇಲಿದ್ದ ಹೆಸರಿನ ಬಿಲ್ಲೆ ತೆಗೆದು ಹೆಸ್ಕೆತ್ ಮುಂದಿಟ್ಟು, ಇನ್ನು ತಾನು ಮಂಡಳಿಯವಳಲ್ಲ ಎಂದು ಹೇಳಿ, ಆ ಕುರ್ಚಿಯೊಂದರಲ್ಲಿ ಕೂತಳು. ಸಾರ್ವಜನಿಕರು ಒಂದು ಪ್ರಶ್ನೆ ಕೇಳಬಹುದಲ್ಲವೇ ಎಂದಳು. ಕೇಳಬಹುದು ಎಂದು ಹೆಸ್ಕೆತ್ ಒಪ್ಪಲೇಬೇಕಾಯಿತು.

"ಅಂಗಡಿ ಇಟ್ಟೋಳಿಗೆ ಹಿತಾಸಕ್ತಿ ಅಂದ್ರಿ, ಸರಿ. ಕೊಂಡು ತಿನ್ನೋರಿಗೆ ಇಲ್ವಾ? ಈ ವಾರ ನಮ್ಮ ಮಾರ್ಕೆಟ್ಟಿಂದ ಏನಾದ್ರೂ ಒಯ್ದೋರು ಯಾರ್ಯಾರಿದೀರಿ? ನಾನು ಹೋದ ಹಾಗೆ ನೀವೂ ಎದ್ದು ಹೋಗಿ."

ಸಿಟ್ಟಿನಲ್ಲಿ ಆಡಿದ ಮಾತು, ಯಾರಾದರೂ ನಿಜಕ್ಕೂ ಏಳುತ್ತಾರೆಂದು ನೋರೀನ್ ಕೂಡ ನಂಬಿರಲಿಲ್ಲ. ಆದರೆ ಪಾದ್ರಿ ಕೆಮ್ಮಿ, ಮೊನ್ನೆ ಅರ್ಧ ಡಜನ್ ಮೊಟ್ಟೆ ಒಯ್ದಿದ್ದೆ ಎಂದು ಎದ್ದರು. ಮುಖ್ಯೋಪಾಧ್ಯಾಯಿನಿ ಚೀಲದಿಂದ ಸ್ಟ್ಯಾನ್ಲಿಯ ಸಾಸೇಜ್ ಪೊಟ್ಟಣ ತೆಗೆದು ತೋರಿಸಿ ಹಿಂದೆಯೇ ಹೊರಟರು. ಒಬ್ಬೊಬ್ಬರಾಗಿ ಕುರ್ಚಿ ಹಿಂದಕ್ಕೆ ಸರಿಸಿ, ಪಕ್ಕದವರಿಗೆ ದಾರಿ ಬಿಟ್ಟು, ಕ್ಷಮಿಸಿ ಕ್ಷಮಿಸಿ ಎನ್ನುತ್ತ ನಡೆದರು. ಕೊನೆಗೆ ಹೆಸ್ಕೆತ್ ಕೂಡ ಕಿವಿ ಕೆಂಪಗೆ ಮಾಡಿಕೊಂಡು ಎದ್ದರು.

"ಲ್ಯಾಂಕಶೈರ್ ಚೀಸ್. ಕಾಲು ಪೌಂಡು. ಮೇಲೊಂದು ಚೂರು," ಎಂದರು.

ಉದ್ದನೆಯ ಮೇಜಿನ ಹಿಂದೆ ಥ್ರೆಲ್‌ಫಾಲ್ ಒಬ್ಬನೇ ತನ್ನ ನಕ್ಷೆಯ ಜೊತೆ ಉಳಿದ.

ಒಬ್ಬನಿಂದ ಮಂಡಳಿ ಆಗುವುದಿಲ್ಲ. ಹೆಸ್ಕೆತ್ ಹೊರಗೇ ನಿಂತು ಸ್ವಲ್ಪ ಯೋಚಿಸಿ, ಇಡೀ ಊರಿಗೆ ಸೇರಿದ್ದನ್ನು ಯಾರೊಬ್ಬರ ಹಿತಾಸಕ್ತಿ ಎನ್ನಲಾಗದು ಎಂದು ತೀರ್ಮಾನ ಹೇಳಿ ಎಲ್ಲರನ್ನೂ ಒಳಗೆ ಕರೆದರು. ಮೊದಲ ಕಂತಿನ ಹಣ ಛಾವಣಿಗೆ ಎಂದು ಕೈಗಳು ಎದ್ದವು. ಥ್ರೆಲ್‌ಫಾಲನ ಕೈ ನಕ್ಷೆಯನ್ನು ಸುರುಳಿ ಸುತ್ತುತ್ತಿತ್ತು. ನೋರೀನ್ ಗೋಡೆಯ ಬಳಿ ಕೂತು ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು.

ಇದ್ದೊಂದು ಸ್ಥಾನವನ್ನೂ ಕಳೆದುಕೊಂಡು ಬಂದೆಯಾ ಎಂದು ಸ್ಟ್ಯಾನ್ಲಿ ಎರಡು ದಿನ ಬೈದ. ಮೂರನೆಯ ದಿನ ಶುಕ್ರವಾರ. ಹೆಸ್ಕೆತ್ ಬಂದು ನಿಂತು, ಅವಳ ಹೆಸರಿನ ಬಿಲ್ಲೆಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಮಂಡಳಿಗೆ ಮರಳಿ ಬರಬೇಕು ಎಂದರು. ಬರುತ್ತೇನೆ ಎಂದಳು ನೋರೀನ್. ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕಾಲು ಪೌಂಡ್ ಕತ್ತರಿಸಿ, ತೂಗಿ, ಕಾಗದ ಸುತ್ತಿ ಕೊಟ್ಟಳು. ಹೆಸ್ಕೆತ್ ಪೊಟ್ಟಣ ಹಿಡಿದು ಹಾಗೇ ನಿಂತರು.

"ಈ ಸಲ ಚೂರು ಇಲ್ವಾ, ನೋರೀನ್?"

"ಛಾವಣಿ ಕೆಲಸ ಯಾರಿಗೆ ಕೊಡೋದು ಅಂತ ಮುಂದಿನ ತಿಂಗಳು ತೀರ್ಮಾನ ಆಗ್ಬೇಕಲ್ಲ," ಎಂದಳು ನೋರೀನ್, ಚಾಕು ಒರೆಸುತ್ತ. "ಅದು ಮುಗೀಲಿ, ಈಗ ಚೂರು ಕೊಟ್ರೆ ಅದೂ ಹಿತಾಸಕ್ತಿನೇ. ಅಲ್ಲಿವರೆಗೂ ತಕ್ಕಡಿ ಎಷ್ಟು ಹೇಳುತ್ತೋ ಅಷ್ಟೇ, ನಿಮಗೂ ನನಗೂ."