ಟ್ಯಾಂಕರ್ ಹತ್ತುವವಳು

ನೀರಿನ ಟ್ಯಾಂಕರಿನ ಮೇಲೆ ಹತ್ತಿದ್ದ ಕೆಳಬೀದಿಯ ದರ್ಜಿಯ ಹೆಂಡತಿಯನ್ನು ಮೇಲುಬೀದಿಯ ಹೆಂಗಸೊಬ್ಬಳು ಎದೆಗೆ ಕೈಯಿಟ್ಟು ತಳ್ಳಿದಳು. ಬಿದ್ದವಳ ಸೊಂಟ ಚರಂಡಿಯ ಕಲ್ಲಿನ ಅಂಚಿಗೆ ಬಡಿಯಿತು. ತೊಡೆಯ ಮೂಳೆ ಮುರಿಯಿತು. ಆ ದಿನದ ನೀರು ಮೇಲುಬೀದಿಗೆ ಹೋಯಿತು.

ತಳ್ಳಿದವಳನ್ನು ಎಲ್ಲರೂ ಕ್ರೇನಮ್ಮ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಟ್ಯಾಂಕರಿನಿಂದಲ್ಲ, ಸರ್ಕಾರಿ ಆಸ್ಪತ್ರೆಯಿಂದ. ಅಲ್ಲಿ ಹೆಂಗಸರ ವಾರ್ಡಿನಲ್ಲಿ ಅವಳು ಆಯಾ. ಇಬ್ಬರು ಗಂಡಾಳು ಸೇರಿ ಎತ್ತಬೇಕಾದ ರೋಗಿಯನ್ನು ಕಂಕುಳಿಗೊಂದು ಕೈ, ಮಂಡಿಯಡಿಗೊಂದು ಕೈ ಹಾಕಿ ಒಬ್ಬಳೇ ಎತ್ತಿ, ನಿದ್ದೆಗೆಡದ ಹಾಗೆ ಮಂಚದ ಮೇಲೆ ಮಲಗಿಸುತ್ತಿದ್ದಳು. ಅವಳು ಎತ್ತಿದರೆ ನೋವಾಗುವುದಿಲ್ಲ ಎಂದು ರೋಗಿಗಳು ಅವಳ ಪಾಳಿಗಾಗಿ ಕಾಯುತ್ತಿದ್ದರು. ಅವಳ ತೋಳಿನ ಸುದ್ದಿ ವಾರ್ಡಿನಿಂದ ಬೀದಿಗೆ ಬರಲು ತಡವಾಗಲಿಲ್ಲ.

ಬೀದಿಗೆ ಅಂಥ ತೋಳು ಬೇಕಾಗಿತ್ತು. ಹೋದ ವರ್ಷ ಬರಬೇಕಾದ ತಿಂಗಳೆಲ್ಲ ಬಾರದ ಮಳೆ, ಬೇಡದ ಹೊತ್ತಿಗೆ ಆಕಾಶವೇ ಒಡೆದಂತೆ ಸುರಿದಿತ್ತು. ಹೊಳೆ ಉಕ್ಕಿ ದಂಡೆಯಲ್ಲಿದ್ದ ಪಂಪ್‌ಹೌಸನ್ನು ಮಾಡಿನವರೆಗೂ ಮುಳುಗಿಸಿತು. ನೀರು ಇಳಿದ ಮೇಲೆ ನೋಡಿದರೆ ಮೋಟರುಗಳ ಹೊಟ್ಟೆಯೊಳಗೆಲ್ಲ ಕೆಸರು. ಅಂದಿನಿಂದ ಹೊಳೆ ಕಣ್ಣೆದುರೇ ಹರಿಯುತ್ತಿತ್ತು, ನಲ್ಲಿಗಳು ಒಣಗಿದ್ದವು. ಮಳೆಯೂ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಪ್ರವಾಹದಿಂದ ಬಾಯಾರಿದ ಊರು ಎಂದರೆ ಹೊರಗಿನವರು ನಗುತ್ತಿದ್ದರು. ಊರಿನವರಿಗೆ ನಗು ಬರುತ್ತಿರಲಿಲ್ಲ.

ಟ್ಯಾಂಕರು ಎರಡು ಬೀದಿಗಳು ಕೂಡುವಲ್ಲಿ ನಿಲ್ಲುತ್ತಿತ್ತು. ಅದರ ಕೆಳಗಿದ್ದ ಕೊಳಾಯಿ ಯಾವುದೋ ಗುದ್ದಾಟದಲ್ಲಿ ಮುರಿದ ಮೇಲೆ ಅದನ್ನು ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದರು. ಈಗ ಉಳಿದದ್ದು ನೆತ್ತಿಯ ಮೇಲಿನ ಬಾಯಿ ಒಂದೇ. ಹಿಂಬದಿಯ ಏಣಿ ಹತ್ತಿ, ಆ ಬಾಯೊಳಗೆ ಪೈಪು ಇಳಿಬಿಟ್ಟು, ಕೆಳಗಿನ ತುದಿಯನ್ನು ಯಾರಾದರೂ ಬಾಯಿಟ್ಟು ಹೀರಿದರೆ ನೀರು ಹರಿಯುತ್ತಿತ್ತು. ಯಾರ ಪೈಪು ಮೊದಲೋ ಅವರ ಬೀದಿಗೆ ನೀರು. ಎರಡನೆಯವರಿಗೆ ತಳದ ತುಕ್ಕು.

ಹತ್ತುವವರೆಲ್ಲ ಹೆಂಗಸರೇ. ಗಂಡಸರು ಹತ್ತಿ ಹೊಡೆದಾಡಿದರೆ ಅದು ಗಲಭೆ. ಪೊಲೀಸರು ಬಂದು ಎರಡೂ ಬೀದಿಯವರನ್ನು ವ್ಯಾನಿಗೆ ತುಂಬುತ್ತಾರೆ. ಹೆಂಗಸರು ಹತ್ತಿ ಜುಟ್ಟು ಹಿಡಿದರೆ ಅದು ನೀರಿನ ಜಗಳ. ಪೊಲೀಸರು ಬೈಕಿನ ಮೇಲೆ ಕೂತೇ ನಕ್ಕು ಮುಂದೆ ಹೋಗುತ್ತಾರೆ. ಇದನ್ನು ಕಂಡುಕೊಂಡವರು ಗಂಡಸರು. ಹಾಗಾಗಿ ಬೀದಿಗೊಬ್ಬಳು ಹತ್ತುವವಳನ್ನು ಆರಿಸಿ, ಕೆಳಗೆ ನಿಂತು ಹುರಿದುಂಬಿಸುವ ಕೆಲಸವನ್ನು ಅವರೇ ಇಟ್ಟುಕೊಂಡಿದ್ದರು. ಹತ್ತುವವಳ ಮನೆಯ ಡ್ರಮ್ಮಿಗೆ ಮೊದಲ ನೀರು ಎಂಬುದು ಒಪ್ಪಂದ. ಕ್ರೇನಮ್ಮನ ಅತ್ತೆಯ ಪಾದದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು. ದಿನವೂ ತೊಳೆಯದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಆದ್ದರಿಂದ ಕ್ರೇನಮ್ಮ ಹತ್ತುತ್ತಿದ್ದಳು.

ಬಿದ್ದವಳನ್ನು ಕ್ರೇನಮ್ಮನದೇ ವಾರ್ಡಿಗೆ ತಂದು ಹಾಕಿದರು. ಬೇರೆ ವಾರ್ಡು ಇರಲಿಲ್ಲ.

ಎರಡು ದಿನ ಕ್ರೇನಮ್ಮ ಆ ಮಂಚದ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಸಿಸ್ಟರ್ ಕೂಗಿದರು. "ಕ್ರೇನಮ್ಮಾ, ಕಿಟಕಿ ಪಕ್ಕದ ಮಂಚ. ಸ್ವಲ್ಪ ಎತ್ತಿ ಹಿಡಿ, ಹಾಸಿಗೆ ಬಟ್ಟೆ ಬದಲಿಸ್ಬೇಕು. ಒಗೆದಿರೋದು ಇದೊಂದೇ ಉಳಿದಿರೋದು, ನೆಲಕ್ಕೆ ಬೀಳಿಸ್ಬೇಡ."

ಮೂಳೆ ಕೂಡಲೆಂದು ದರ್ಜಿಯ ಹೆಂಡತಿಯ ಕಾಲಿಗೆ ಹಗ್ಗ ಕಟ್ಟಿ ಮಂಚದಾಚೆ ತೂಕ ಇಳಿಬಿಟ್ಟಿದ್ದರು. ತುಟಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಕ್ರೇನಮ್ಮ ತಲೆ ತಗ್ಗಿಸಿಕೊಂಡು ಕಂಕುಳಿಗೆ ಕೈ ಹಾಕಿದಳು.

"ಹೆದರ್ಬೇಡ, ಕಿರುಚಲ್ಲ," ಎಂದಳು ದರ್ಜಿಯ ಹೆಂಡತಿ ಹಲ್ಲು ಕಚ್ಚಿಕೊಂಡೇ. "ಈ ಕೈ ನಂಗೆ ಗೊತ್ತು. ಅವತ್ತು ಎದೆಗೆ ಬಿತ್ತು, ಇವತ್ತು ಕಂಕುಳಿಗೆ ಬಂದಿದೆ."

ಸಿಸ್ಟರ್ ಬಟ್ಟೆ ಎಳೆಯುತ್ತಿದ್ದರು. ಕೈ ಬಿಡುವ ಹಾಗಿಲ್ಲ. ಕ್ರೇನಮ್ಮ ಇನ್ನೊಂದು ಕೈಯನ್ನು ಅವಳ ಬೆನ್ನಿನಡಿ ಸರಿಸಿದಳು. "ನಾನು ಬೇಕೂಂತ ಮಾಡಿದ್ದಲ್ಲ..."

"ಬೇಕೂಂತಲೇ ಮಾಡಿದ್ದು. ಸುಳ್ಳ್ಯಾಕೆ? ನಾನೂ ಬೇಕೂಂತಲೇ ನಿನ್ನ ಕಾಲು ಹಿಡಿದು ಎಳೆಯೋಕೆ ಕೈ ಚಾಚಿದ್ದೆ. ಒಂದು ಉಸಿರು ತಡ ಆಯ್ತು. ಇಲ್ದಿದ್ರೆ ಈ ಮಂಚದಲ್ಲಿ ನೀನಿರ್ತಿದ್ದೆ. ನಿನ್ನ ಎತ್ತೋಕೆ ಇನ್ನೊಂದು ಕ್ರೇನು ಎಲ್ಲಿಂದ ತರ್ತಿದ್ರೋ!"

ಪಕ್ಕದ ಮಂಚದ ಮುದುಕಿ ಕಿಸಕ್ಕನೆ ನಕ್ಕಳು. ಸಿಸ್ಟರಿಗೆ ಏನೂ ಅರ್ಥವಾಗಲಿಲ್ಲ. ಹಳೆಯ ಬಟ್ಟೆ ಮುದ್ದೆ ಮಾಡಿಕೊಂಡು ಹೊರಟುಹೋದರು.

"ತಮಾಷೆ ಮಾಡಿದೆ ಅಂತ ಕ್ಷಮಿಸಿದೆ ಅಂದ್ಕೋಬೇಡ," ಎಂದಳು ದರ್ಜಿಯ ಹೆಂಡತಿ. "ಎದ್ದು ನಡೆದ ದಿನ ನಿನ್ನ ಜುಟ್ಟು ನನ್ನ ಕೈಲಿರತ್ತೆ."

"ಇರ್ಲಿ. ಮೊದ್ಲು ನಡಿ."

ಕ್ರೇನಮ್ಮ ಒದ್ದೆ ಹತ್ತಿಯಿಂದ ಅವಳ ತುಟಿ ಒರೆಸಿದಳು. ಅವಳು ಮುಖ ತಿರುಗಿಸಲಿಲ್ಲ, ಒರೆಸಿದ ಹತ್ತಿಯನ್ನು ಚೀಪಿದಳು.

"ಒಂದು ಮಾತು ಕೇಳು," ಎಂದಳು ಆಮೇಲೆ. "ನಮ್ಮೆಜಮಾನ್ರ ಹತ್ರ ಹೋದ ತಿಂಗಳು ದಪ್ಪ ಕ್ಯಾನ್ವಾಸ್ ತಂದು ಕೊಟ್ರು, ಒಂದು ಗವಸು ಹೊಲೀರಿ ಅಂತ. ಅಳತೆ ತಗೊಳ್ಳೋಕೆ ಪುರಸಭೆ ಶೆಡ್ಡಿಗೆ ಕರ್ಕೊಂಡ್ಹೋದ್ರು. ಅಲ್ಲಿ ಕೂತಿದೆ ಪಂಪ್‌ಹೌಸಿನ ಮೋಟರು. ಹೊಸದು. ಪೇಂಟಿನ ವಾಸನೆ ಇನ್ನೂ ಹೋಗಿಲ್ಲ. ಅದಕ್ಕೆ ಧೂಳು ಕೂರಬಾರ್ದಂತೆ, ಅಂಗಿ ಹೊಲಿಸಿದ್ದಾರೆ. ನಾವಿಲ್ಲಿ ತಲೆ ಒಡ್ಕೊಳ್ತಿದ್ದೀವಿ."

"ಹೊಲಿಸಿದ್ದು ಯಾರು?"

"ನಿಮ್ಮ ಬೀದಿ ಕಾರ್ಯದರ್ಶಿ, ಪುರಸಭೆ ನೀರಿನ ಕಮಿಟಿಯವ್ರು. ಟ್ಯಾಂಕರು ಅವರ ಭಾವಮೈದುನಂದು ಅಂತ ಬೇರೆ ಹೇಳ್ಬೇಕಾ?"

ಕ್ರೇನಮ್ಮ ದಿಂಬು ಸರಿಮಾಡಿದಳು. ದರ್ಜಿಯ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿಕೊಂಡೇ ಹೇಳಿದಳು: "ನಾಳೆಯಿಂದ ನನ್ನ ತಂಗಿ ಹತ್ತುತ್ತಾಳಂತೆ. ಬೇಡ ಕಣೇ ಅಂದೆ. ಬೀದಿಯವ್ರು ಬಿಡ್ತಿಲ್ಲ. ಅಕ್ಕನ ಸೇಡು ತೀರಿಸ್ಕೋ ಅಂತ ತಲೆ ತುಂಬಿದ್ದಾರೆ. ನಮಗೆ ತಾಯಿಯಿಲ್ಲ, ಎತ್ತಿ ಆಡ್ಸಿದ್ದು ನಾನೇ."

ಅಷ್ಟೇ ಹೇಳಿದಳು. ಬೇಡಿಕೊಳ್ಳಲಿಲ್ಲ.

ಸಂಜೆ ಕಾರ್ಯದರ್ಶಿ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಉದ್ದನೆಯದೇನೋ. ಕ್ರೇನಮ್ಮ ಆಗ ಅತ್ತೆಯ ಪಾದ ತೊಳೆದು, ತೊಳೆದ ನೀರನ್ನೇ ಮತ್ತೆ ಬಕೆಟ್ಟಿಗೆ ಹಿಡಿಯುತ್ತಿದ್ದಳು, ಕಕ್ಕಸಿಗೆ ಬೇಕಾಗುತ್ತದೆಂದು.

"ಏನಮ್ಮಾ, ನೀನು ನಮ್ಮ ಬೀದಿ ಮಾನ ಉಳಿಸ್ದೆ," ಎಂದು ಕಾರ್ಯದರ್ಶಿ ಕುರ್ಚಿ ಎಳೆದುಕೊಂಡರು. "ಆದ್ರೆ ನಾಳೆ ಅವ್ರು ಸುಮ್ಮನಿರಲ್ಲ. ಕಲ್ಲು ಕೂಡಿಡ್ತಿದ್ದಾರಂತೆ. ಇದು ಇಟ್ಕೋ." ಪತ್ರಿಕೆ ಬಿಚ್ಚಿದರು. ಕಟ್ಟಡ ಕೆಲಸದ ಕಬ್ಬಿಣದ ಸರಳು. ಹಿಡಿಯುವ ಕಡೆ ಸೈಕಲ್ ಟ್ಯೂಬು ಸುತ್ತಿತ್ತು, ಕೈ ಜಾರದಿರಲಿ ಎಂದು.

"ಇದೇನ್ ಸ್ವಾಮಿ, ನನ್ನ ಸೊಸೆ ನೀರು ತರೋಕೆ ಹೋಗ್ತಾಳೋ ಹಾವು ಹೊಡೆಯೋಕೆ ಹೋಗ್ತಾಳೋ?" ಎಂದಳು ಅತ್ತೆ.

"ಅಜ್ಜಿ, ನಿಮ್ಮ ಕಾಲಿಗೋಸ್ಕರವೇ ಹೇಳ್ತಿರೋದು."

"ನನ್ನ ಕಾಲಿನ ಹೆಸ್ರು ಎಲ್ಲಾರ ಬಾಯಲ್ಲೂ ಬರ್ತದೆ. ಮುಲಾಮು ಮಾತ್ರ ಯಾರ ಕೈಲೂ ಬರಲ್ಲ."

ಕ್ರೇನಮ್ಮ ಕೈ ಒರೆಸಿಕೊಂಡು ಎದ್ದಳು. "ಸಾರ್, ಹೊಸ ಮೋಟರು ಬಂದಿದೆಯಂತೆ. ಶೆಡ್ಡಿನಲ್ಲಿದೆಯಂತೆ."

ಕಾರ್ಯದರ್ಶಿಯ ಮುಖ ಒಂದು ಗಳಿಗೆ ಬಿಗಿಯಿತು, ಮತ್ತೆ ಸಡಿಲವಾಯಿತು. "ಬಂದಿದೆ. ಬಂದಿಲ್ಲ ಅಂತ ಯಾರು ಹೇಳಿದ್ರು? ಮೋಟರು ಬಂದ ತಕ್ಷಣ ನೀರು ಬರತ್ತಾ? ಹಳೇ ಜಾಗದಲ್ಲೇ ಕೂರಿಸಿದ್ರೆ ಮುಂದಿನ ಮಳೆಗೆ ಇದೂ ಕೆಸರು ತಿನ್ನತ್ತೆ. ಎತ್ತರಕ್ಕೆ ಕಟ್ಟೆ ಕಟ್ಬೇಕು, ಕರೆಂಟ್ ಲೈನ್ ಎಳೀಬೇಕು, ಮೇಲಿನವರ ಸಹಿ ಆಗ್ಬೇಕು. ನಾನೊಬ್ಬ ಏನು ಮಾಡ್ಲಿ? ಟ್ಯಾಂಕರಾದ್ರೂ ಬರ್ತಿದೆಯಲ್ಲ, ಅದೂ ನಿಲ್ಲಿಸ್ಲಾ?"

ಅದರಲ್ಲಿ ಅರ್ಧ ನಿಜ. ಹಳೆಯ ಜಾಗ ಮುಳುಗುವ ಜಾಗವೇ. ಉಳಿದರ್ಧವನ್ನು ಕೇಳಿದರೆ ಟ್ಯಾಂಕರೂ ನಿಲ್ಲಬಹುದು; ಕ್ರೇನಮ್ಮ ಬಕೆಟ್ಟನ್ನು ಗೋಡೆಗೆ ಸರಿಸಿಟ್ಟಳು. ಸರಳನ್ನು ಕಾರ್ಯದರ್ಶಿ ಬಾಗಿಲ ಮೂಲೆಗೆ ಒರಗಿಸಿ ಹೋದರು.

ಮರುದಿನ ಟ್ಯಾಂಕರು ಬರುವ ಮೊದಲೇ ಎರಡು ಬೀದಿಗಳೂ ಜಮಾಯಿಸಿದ್ದವು. ಕೊಡಗಳ ಸಾಲು ಹಿಂದೆ, ಜನ ಮುಂದೆ. ಯಾರಿಗೂ ಯಾರ ಮುಖವೂ ಬೇಡವಾಗಿತ್ತು. ಟ್ಯಾಂಕರು ತಿರುವು ದಾಟುತ್ತಿದ್ದಂತೆ ಕೆಳಬೀದಿಯಿಂದ ಮೊದಲ ಕಲ್ಲು ಹಾರಿ ಗಾಜಿಗೆ ಬಿತ್ತು. ಡ್ರೈವರ್ ಬ್ರೇಕು ತುಳಿದು, ಬಾಗಿಲು ತೆರೆದು, ರಕ್ತ ಸುರಿಯುವ ಕಿವಿ ಹಿಡಿದುಕೊಂಡು ಓಡಿದ. ಅವನ ಹಿಂದೆ ಯಾರೂ ಹೋಗಲಿಲ್ಲ. ಎಲ್ಲರೂ ಟ್ಯಾಂಕರಿನ ಮೇಲೆ ಮುಗಿಬಿದ್ದರು.

ಆಮೇಲೆ ನಡೆದದ್ದರಲ್ಲಿ ಯಾರು ಯಾರಿಗೆ ಹೊಡೆದರೆಂದು ಹೇಳುವುದು ಕಷ್ಟ. ದಿನವೂ ಮಗುವನ್ನು ಕರೆದುಕೊಂಡು ಇದೇ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದ ತಾಯಿ ತುಂಬದ ಕೊಡವನ್ನು ಎತ್ತಿ ಒಬ್ಬ ಮುದುಕನ ತಲೆಗೆ ಅಪ್ಪಳಿಸಿದಳು. ಹಾಲು ಹಾಕುವವನು ಇನ್ನೊಬ್ಬನ ಬೆರಳು ಕಚ್ಚಿ ಹಿಡಿದಿದ್ದ. ಹಲ್ಲೊಂದು ರಸ್ತೆಯ ಮೇಲೆ ಬಿದ್ದಿತ್ತು. ಯಾರದೆಂದು ಯಾರೂ ಹುಡುಕಲಿಲ್ಲ. ವ್ಯಾನು ಇನ್ನೂ ಬಂದಿರಲಿಲ್ಲ; ಬೈಕಿನ ಪೊಲೀಸಪ್ಪ ದೂರದಲ್ಲಿ ನಿಂತು ಫೋನು ಎತ್ತಿ ವಿಡಿಯೋ ಮಾಡಿಕೊಳ್ಳುತ್ತಿದ್ದ.

ಕ್ರೇನಮ್ಮ ಹೆಗಲಿಗೆ ಪೈಪಿನ ಸುರುಳಿ ಏರಿಸಿ, ಬಲಗೈಯಲ್ಲಿ ಸರಳು ಹಿಡಿದು ಏಣಿ ಹತ್ತಿದಳು. ಅರ್ಧ ದಾರಿಯಲ್ಲಿ ಒಂದು ಕಲ್ಲು ಹುಬ್ಬಿಗೆ ಬಡಿಯಿತು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಬೆಳಗಿನ ಬಿಸಿಲಿಗೇ ಕಾದಿದ್ದ ತಗಡಿನ ಮೇಲೆ ಮಂಡಿಯೂರಿ ಮುಚ್ಚಳ ಎತ್ತಿದಳು. ಒಳಗೆ ಕತ್ತಲು, ತಂಪು, ನೀರಿನ ಸಣ್ಣ ತುಳುಕು. ಪೈಪು ಇಳಿಬಿಟ್ಟಳು. ಕೆಳಗೆ ಮೇಲುಬೀದಿಯವರ ಹೋ ಎಂಬ ಕೂಗು ಎದ್ದಿತು.

ತಿರುಗಿ ನೋಡಿದರೆ ಏಣಿಯ ತುದಿಯಲ್ಲಿ ಒಂದು ಮುಖ. ದರ್ಜಿಯ ಹೆಂಡತಿಯದೇ ಮೂಗು, ಅದೇ ಗಲ್ಲ, ವಯಸ್ಸು ಮಾತ್ರ ಕಡಿಮೆ. ಹೆಗಲಲ್ಲಿ ಪೈಪು. ಹಲ್ಲಿನ ನಡುವೆ ಕತ್ತರಿ, ಅವಳ ಭಾವ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಎರಡೂ ಕೈ ಏಣಿಯ ಮೇಲಿನ ಕಂಬಿಯಲ್ಲಿ. ಒಂದು ಒದೆತ ಸಾಕು. ಸರಳು ಎತ್ತುವುದೂ ಬೇಡ.

"ಹೊಡಿ!" ಕೆಳಗಿನಿಂದ ಕಾರ್ಯದರ್ಶಿಯ ಗಂಟಲು. ಅವರು ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದರು. ಅಂಗಿಯ ಇಸ್ತ್ರಿ ಇನ್ನೂ ಕೆಟ್ಟಿರಲಿಲ್ಲ. "ಕೈ ಮೇಲೆ ಹೊಡಿಯಮ್ಮ! ಬಿಡ್ಬೇಡ!"

"ಒದಿಯಕ್ಕೋ, ಒದ್ದುಬಿಡು!" ಎಂದು ಬೀದಿ ಕೂಗಿತು.

ಹುಡುಗಿ ಒಂದು ಕೈ ಬಿಟ್ಟು ಬಾಯಿಂದ ಕತ್ತರಿ ತೆಗೆದಳು. "ಒದಿ, ನೋಡೇಬಿಡೋಣ. ನಮ್ಮಕ್ಕನ ಪಕ್ಕದ ಮಂಚ ಖಾಲಿ ಇದ್ಯಾ ಹೇಳು, ಅಲ್ಲಿಗೇ ಹಾಕು ನನ್ನೂ."

ಕತ್ತರಿ ಬೀಸಿದಳು. ಅದು ಕ್ರೇನಮ್ಮನ ಮುಂಗೈ ಸೀಳಿತು. ಬೀಸಿದ ರಭಸಕ್ಕೆ ಹುಡುಗಿಯ ಕಾಲು ತೇವದ ಕಂಬಿಯ ಮೇಲೆ ಜಾರಿ, ಮತ್ತೆ ನಿಂತಿತು. ಕ್ರೇನಮ್ಮನ ಕೈ ತಾನೇತಾನಾಗಿ ಮುಂದೆ ಚಾಚಿತ್ತು. ಎತ್ತುವುದಕ್ಕೋ ತಳ್ಳುವುದಕ್ಕೋ ಎಂದು ಕೆಳಗಿನವರಿಗೆ ತಿಳಿಯಲಿಲ್ಲ. ಅವಳಿಗೂ ಆ ಕ್ಷಣ ತಿಳಿದಿರಲಿಲ್ಲ. ಅವಳಿಗೆ ಗೊತ್ತಾದದ್ದು ಒಂದೇ: ಇವಳ ಎದೆಗೆ ಈ ಕೈ ಬಿದ್ದರೆ, ನಾಳೆ ಇದೇ ಕೈ ಇವಳ ಕಂಕುಳಿಗೆ ಹೋಗಬೇಕು, ಹೋದಾಗ ಅದು ನಡುಗುತ್ತದೆ, ಮುಂದೆ ಯಾವ ರೋಗಿಯನ್ನು ಎತ್ತಿದರೂ ನಡುಗುತ್ತದೆ.

ಸರಳನ್ನು ಟ್ಯಾಂಕರಿನ ಇನ್ನೊಂದು ಪಕ್ಕಕ್ಕೆ, ಯಾರೂ ಇಲ್ಲದ ಚರಂಡಿಗೆ ಬಿಟ್ಟಳು. ಅದು ಕಲ್ಲಿಗೆ ಬಡಿದು ಠಣ್ಣೆಂದಿತು.

"ಎಡಗಾಲು ಆ ಬೋಲ್ಟಿನ ಮೇಲಿಡು," ಎಂದಳು ಹುಡುಗಿಗೆ. "ನೀನು ನಿಂತಿರೋ ಕಂಬಿ ಯಾವಾಗಲೂ ಜಾರತ್ತೆ. ಕತ್ತರಿ ಸೊಂಟಕ್ಕೆ ಸಿಗಿಸ್ಕೋ, ಎರಡೂ ಕೈ ಬೇಕು."

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. ನಂಬಲಿಲ್ಲ. ಆದರೂ ಎಡಗಾಲು ಬೋಲ್ಟಿನ ಮೇಲಿಟ್ಟಳು. ಅದು ಜಾರಲಿಲ್ಲ.

"ಏನೇ ಅದು? ಏನು ಮಾಡ್ತಿದ್ದೀಯ?" ಕಾರ್ಯದರ್ಶಿ ಕಟ್ಟೆಯಿಂದ ಇಳಿದು ಓಡಿಬಂದರು. "ತಳ್ಳು ಅಂದೆ! ಅವಳ ಪೈಪು ಒಳಗೆ ಬಿದ್ರೆ ನಿನ್ನ ಡ್ರಮ್ಮಿಗೆ ಒಂದು ಹನಿ ಇಲ್ಲ, ತಿಳ್ಕೋ! ನಿಮ್ಮತ್ತೆ ಕಾಲು ಕೊಳೀಲಿ!"

ಅದು ಕ್ರೇನಮ್ಮನಿಗೆ ಗೊತ್ತಿಲ್ಲದ ಮಾತಾಗಿರಲಿಲ್ಲ. ಆದರೂ ಸ್ವಲ್ಪ ಸರಿದು ಕೂತು, ಟ್ಯಾಂಕರಿನ ಬಾಯಿಯ ಅಂಚಿನಲ್ಲಿ ಎರಡನೆಯ ಪೈಪಿಗೆ ಜಾಗ ಬಿಟ್ಟಳು.

"ನಾನು ತಳ್ಳಲ್ಲ ಸಾರ್. ತಳ್ಳಲೇಬೇಕಂದ್ರೆ ನೀವು ಹತ್ತಿ ಬನ್ನಿ. ಏಣಿ ಅಲ್ಲೇ ಇದೆ."

ಯಾರೋ ಒಬ್ಬಳು ನಕ್ಕಳು. ಅದು ಮೇಲುಬೀದಿಯ ಕಡೆಯಿಂದ ಬಂದ ನಗು. ಕಾರ್ಯದರ್ಶಿ ಏಣಿಯನ್ನು ನೋಡಿದರು, ಪೊಲೀಸಪ್ಪನ ಫೋನನ್ನು ನೋಡಿದರು, ತಮ್ಮ ಅಂಗಿಯನ್ನು ನೋಡಿಕೊಂಡರು.

"ಇಳಿಯೇ ಕೆಳಗೆ!" ಎಂದು ಅರಚಿದರು. "ನಾಳೆಯಿಂದ ಬೇರೆಯವಳನ್ನ ಹತ್ತಿಸ್ತೀನಿ. ಈಗ ಇಳಿ!"

ಹುಡುಗಿಯ ಪೈಪು ಒಳಗೆ ಇಳಿಯುತ್ತಿತ್ತು. ಕ್ರೇನಮ್ಮ ರಕ್ತ ಸುರಿಯುತ್ತಿದ್ದ ಮುಂಗೈಯನ್ನು ಸೆರಗಿನಿಂದ ಒತ್ತಿ ಹಿಡಿದು, ಕಾದ ತಗಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಇಳಿಯಲ್ಲ," ಎಂದಳು.