ಎದ್ದು ನಿಂತ ತೋಟ

ನಡೆದು ಕೊಳ್ಳೇಗಾಲಕ್ಕೆ ಹೋದವನು ಜೀಪಿನಲ್ಲಿ ಕೂತು ನಮ್ಮೂರು ಧನಗೆರೆಗೆ ಬಂದೆ. ಅದೂ ಮುಂದಿನ ಸೀಟು, ಬೆಳೆಹಾನಿ ಬರೆದುಕೊಳ್ಳಲು ಹೊರಟ ತಾಲ್ಲೂಕು ಕಚೇರಿಯ ಶೇಕ್ದಾರ್ ಶಿವನಂಜಯ್ಯನವರ ಪಕ್ಕ! ಊರವರೆಲ್ಲ ನೋಡಲಿ ಎಂದು ಕತ್ತು ಹೊರಗೇ ಹಾಕಿದ್ದೆ.

ಅರವತ್ತೆಂಟನೇ ಇಸವಿಯ ಬೇಸಿಗೆ ಅದು. ಭಾನುವಾರದ ಬಿರುಗಾಳಿಗೆ ನನ್ನ ಬಾಳೆತೋಟ ಮಲಗಿತ್ತು. ಹೊಳೆ ಬದಿಯ ಮೆದು ಮಣ್ಣು, ಗಿಡಗಳು ಮುರಿಯದೆ ಬುಡಸಮೇತ ಒರಗಿದ್ದವು. ನೂರ ಇಪ್ಪತ್ತು ಗಿಡ, ಎಲ್ಲವೂ ಗೊನೆ ಬಿಟ್ಟವು. ಬಿದ್ದ ಗಿಡಕ್ಕೆ ಇಂತಿಷ್ಟು ಪರಿಹಾರ ಎಂದು ಸರ್ಕಾರ ತಮಟೆ ಹೊಡೆಸಿತು. ಅದು ಬಂದರೆ ಮತ್ತೆ ತೋಟ, ಬಾರದಿದ್ದರೆ ಆ ವರ್ಷ ನೆಲ ಬೀಳು. ಮಂಗಳವಾರ ಅರ್ಜಿ ಕೊಟ್ಟು, ಅಕ್ಕನ ಮನೆಯಲ್ಲಿ ಉಳಿದು, ಬುಧವಾರ ಶೇಕ್ದಾರರನ್ನೇ ಹೊರಡಿಸಿಕೊಂಡು ಬಂದಿದ್ದೆ. ನಾನೇನು ಕಮ್ಮಿಯವನೇ?

"ಇಡೀ ತೋಟ ಮಕಾಡೆ ಬಿದ್ದದೆ ಸಾ, ನೋಡುದ್ರೆ ನೀವೇ ಅತ್‌ಬುಡ್ತೀರಿ," ಎಂದು ದಾರಿಯುದ್ದಕ್ಕೂ ಹೇಳಿದ್ದೆ.

ಜೀಪು ನಿಂತಿತು. ನನ್ನ ಎದೆಯೂ ನಿಂತಿತು. ತೋಟ ಎದ್ದು ನಿಂತಿತ್ತು! ಒಂದೊಂದು ಗಿಡಕ್ಕೂ ಕವೆಗೋಲಿನ ಆಸರೆ, ಸೊಂಟಕ್ಕೆ ಹಗ್ಗ, ಮದುವೆ ಚಪ್ಪರದ ಹಾಗೆ ಸಾಲಾಗಿ.

ಶೇಕ್ದಾರರ ಮುಖ ಕೆಂಪಾಯಿತು. "ಏನ್ರಿ ಚಿಕ್ಕಮಾದಪ್ಪ, ಸರ್ಕಾರಕ್ಕೇ ಟೋಪಿ ಹಾಕ್ತೀರಾ?"

ಸಾಲಿನ ನಡುವಿನಿಂದ ನನ್ನ ಹೆಂಡತಿ ಶಿವರತ್ನಮ್ಮ ಬಂದಳು. ಕೈತುಂಬ ಮಣ್ಣು, ಮುಖದ ತುಂಬ ನಗು. ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಎರಡು ದಿನ ದುಡಿದಿದ್ದಳಂತೆ.

"ಅಯ್ಯೋ ಅಮ್ಮೀ, ಅದೇನ್ ಮಾಡ್‌ಬುಟ್ಟೆ!" ಎಂದು ಕೂಗಿದೆ.

"ಗೊನೆ ಬುಟ್ಟಿರ ಗಿಡ ಬಸುರಿ ಕಣ್ರಿ. ಅದು ನೆಲದಲ್ಲಿ ಬಿದ್ದಿದ್ರೆ ನಾನೆಂಗೆ ಉಂಡು ಮನಿಕಳ್ಲಿ?"

ನಮ್ಮಲ್ಲಿ ಹೆಂಗಸರೆಲ್ಲ ಹೀಗೇ. ಗೊನೆ ಬಿಟ್ಟ ಬಾಳೆಯನ್ನು ಬೀಳಲು ಬಿಡುವವರಲ್ಲ. ಅದು ನನಗೆ ಗೊತ್ತಿತ್ತು, ಹೊರಡುವಾಗ ಒಂದು ಮಾತು ಹೇಳಿ ಹೋಗಬೇಕಿತ್ತು. ಜೀಪಿನ ಕನಸಿನಲ್ಲಿ ಮರೆತಿದ್ದೆ.

ಶೇಕ್ದಾರರು ಒಂದು ಗಿಡದ ಬುಡ ಬಗ್ಗಿ ನೋಡಿದರು. ಬೇರುಗಳೆಲ್ಲ ಕಿತ್ತು ಮೇಲೆ ಬಂದಿದ್ದವು. ಅವರ ದನಿ ಇಳಿಯಿತು. "ನಿಮ್ಮ ಮಾತು ನಿಜವೇ. ಆದ್ರೆ ನೆಲಕ್ಕೆ ಬಿದ್ದಿರೋದನ್ನ ಮಾತ್ರ ನಾನು ಬರೀಬಹುದು. ನಾಳೆ ಮೇಲಿನವರು ಬಂದು ಎಣಿಸ್ತಾರೆ."

ಶಿವರತ್ನಮ್ಮನ ನಗು ಹೋಯಿತು. ನನ್ನ ಮುಖ ನೋಡಿದಳು, ತೋಟ ನೋಡಿದಳು. ಆಮೇಲೆ ಸೊಂಟದ ಕುಡುಗೋಲು ತೆಗೆದು ಮೊದಲ ಹಗ್ಗ ಕೊಯ್ದಳು. ಗಿಡ ದಡ್ ಎಂದು ಬಿತ್ತು. ಶೇಕ್ದಾರರು ಹಾರಿ ಹಿಂದೆ ಸರಿದರು. ಎರಡು, ಮೂರು, ಹತ್ತು, ಐವತ್ತು! ಬೀಳುವ ಗಿಡಗಳ ಸದ್ದಿಗೆ ಊರೇ ಓಡಿ ಬಂತು. ನಾನು ಮಗುವಿನ ಹಾಗೆ ಕುಣಿದೆ. "ಎಂಬತ್ತು ಸಾ! ತೊಂಬತ್ತು! ಬರ್ಕಳಿ ಸಾ!" ಹೆಂಡತಿಯ ಕಡೆ ನೋಡಲೇ ಇಲ್ಲ.

ಬಾವಿಯ ಹತ್ತಿರದ ಕೊನೆಯ ಗಿಡಕ್ಕೆ ಬಂದಾಗ ಸದ್ದು ನಿಂತಿತು. ಅವಳು ಕುಡುಗೋಲು ಎತ್ತಿದ್ದಳು, ಇಳಿಸಲು ಆಗುತ್ತಿರಲಿಲ್ಲ. ಕಣ್ಣೀರು ಗಲ್ಲದ ಮಣ್ಣಿನ ಮೇಲೆ ಇಳಿಯುತ್ತಿತ್ತು. ಇಷ್ಟು ಹೊತ್ತು ಅತ್ತುಕೊಂಡೇ ಕೊಯ್ದಿದ್ದಳು. ನನಗೆ ನಾಚಿಕೆಯಾಯಿತು. ಹೋಗಿ ಕುಡುಗೋಲು ಇಸಕೊಂಡೆ.

"ನೂರ ಇಪ್ಪತ್ತು ಅಂತ ಬರೀಲೇನ್ರಿ?" ಶೇಕ್ದಾರರು ಕೇಳಿದರು.

"ನೂರ ಅತ್ತೊಂಬತ್ತು ಬರ್ಕಳಿ ಸಾ."

"ಇದೂ ಇವತ್ತಲ್ಲ ನಾಳೆ ಗಾಳಿಗೆ ಬೀಳುತ್ತೆ."

"ಗಾಳಿ ಬೀಳುಸ್ಲಿ ಸಾ," ಎಂದೆ. "ಇವಳ ಕೈಲಿ ಮಾತ್ರ ಬ್ಯಾಡ."