ಕ್ಷಮೆ ಕೇಳದ ದೆವ್ವ

ನನ್ನ ದೊಡ್ಡಮ್ಮ ಗುರುಮಲ್ಲಮ್ಮನನ್ನು ದೆವ್ವ ಮಾಡಿದ್ದು ಅವಳ ಗಂಡ ವೃಷಭೇಂದ್ರಪ್ಪ. ಮೊದಲು ಬಾವಿಗೆ ನೂಕಿದ, ಆಮೇಲೆ ಕಥೆ ಬರೆದ. ಐವತ್ತು ವರ್ಷದಿಂದ ಜನ ಅದನ್ನು ಬಾಯಿ ಚಪ್ಪರಿಸಿಕೊಂಡು ಓದುತ್ತಿದ್ದಾರೆ. ಕಥೆಯಲ್ಲಿ ಸಂಶಯದ ಹೆಂಡತಿಯೊಬ್ಬಳು ಕಾಲು ಜಾರಿ ಬಾವಿಗೆ ಬಿದ್ದು, ದೆವ್ವವಾಗಿ ಬಂದು ಸಾಧು ಗಂಡನನ್ನು ಕಾಡುತ್ತಾಳೆ. ಕೊನೆಗೆ ಅವನ ಕಾಲಿಗೆ ಬಿದ್ದು ಕ್ಷಮೆ ಕೇಳಿದ ಮೇಲೆಯೇ ಮುಕ್ತಿ. ಸತ್ತ ಮೇಲೂ ಕ್ಷಮೆ ಅವಳೇ ಕೇಳಬೇಕಂತೆ! ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಡೆದದ್ದನ್ನು ಕಣ್ಣಾರೆ ಕಂಡವಳು ನನ್ನ ಅಮ್ಮ. ಅಕ್ಕನ ಮನೆಗೆ ಬಂದಿದ್ದ ಹತ್ತು ವರ್ಷದ ಹುಡುಗಿ. ಚಾಮರಾಜನಗರದಲ್ಲಿ ವೃಷಭೇಂದ್ರಪ್ಪನದು ದೊಡ್ಡ ದವಸದ ಮಂಡಿ, ದೊಡ್ಡ ಹೆಸರು. ಅಜ್ಜ ಹೆದರಿ ಮಗಳ ಬಾಯಿ ಮುಚ್ಚಿಸಿದ. ಅಮ್ಮ ಸಾಯುವ ಮುಂಚೆ ಕುದೇರಿನ ನಮ್ಮ ಮನೆಯಲ್ಲಿ ನನಗೊಬ್ಬಳಿಗೆ ಹೇಳಿದಳು.

ಕಳೆದ ವರ್ಷ ಟಿವಿಯವರು ಹಳೆಯ ದೆವ್ವದ ಕಥೆಗಳನ್ನು ವಾರಕ್ಕೊಂದರಂತೆ ತೆಗೆಯಲು ಹೊರಟರು. ಈ ಕಥೆಯ ಶೂಟಿಂಗ್ ಗುಂಡ್ಲುಪೇಟೆಯಲ್ಲಿ. ಸಂಭಾಷಣೆ ನಮ್ಮ ಕಡೆಯ ಮಾತಿನಲ್ಲಿರಬೇಕೆಂದು ನಿರ್ದೇಶಕ ಸುನೀಲ್ ಕುಮಾರ್ ಅಲ್ಲಿನ ಹೈಸ್ಕೂಲಿನ ಕನ್ನಡ ಮೇಡಂ ಆದ ನನ್ನನ್ನು ಕರೆಸಿದ. ನಾನು ಯಾರ ಮಗಳೆಂದು ಅವನಿಗೂ ಗೊತ್ತಿಲ್ಲ, ವೃಷಭೇಂದ್ರಪ್ಪನಿಗೂ ಗೊತ್ತಿಲ್ಲ. ಮಾತು ತಿದ್ದುತ್ತಾ ಕೊನೆಯ ದೃಶ್ಯಕ್ಕೆ ಬಂದೆ. ಹೆಸರಿಲ್ಲದ ದೆವ್ವಕ್ಕೆ ಹೆಸರು ಕೊಟ್ಟೆ. ಕ್ಷಮೆಯನ್ನು ಹೊಡೆದುಹಾಕಿದೆ.

"ನಾಗರತ್ನ ಮೇಡಂ, ಒರಿಜಿನಲ್‌ಗಿಂತ ಸಖತ್ತಾಗಿದೆ," ಎಂದ ಸುನೀಲ್ ಕುಮಾರ್. "ರೈಟರ್‌ಗೆ ಒಂದ್ಮಾತು ಹೇಳ್ಬೇಕಾ?"

"ಟಿವೀಲೇ ನೋಡ್ಲಿ ಬುಡಿ ಸಾರ್," ಎಂದೆ.

ಪ್ರಸಾರದ ಭಾನುವಾರ ಮಧ್ಯಾಹ್ನ ತಂಡದ ಪರವಾಗಿ ಹಾರ ಹಿಡಿದು ನಾನೇ ವೃಷಭೇಂದ್ರಪ್ಪನ ಮನೆಗೆ ಹೋದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಬಾವಿಯ ಬಾಯಿಗೆ ಕಲ್ಲು ಚಪ್ಪಡಿ. ಅದರ ಮೇಲೆ ಅವನ ಎರಡನೇ ಹೆಂಡತಿ ಶಿವಮ್ಮ ಮೆಣಸಿನಕಾಯಿ ಹರವಿದ್ದರು.

"ನಾನು ಮದ್ವೆಯಾಗಿ ಬರೋಕ್ ಮುಂಚೇನೆ ಮುಚ್ಸಿದ್ರಂತೆ ಕಣವ್ವ," ಎಂದರು. "ಯಾಕೆ ಅಂದ್ರೆ ನಮ್ಮೋರು ಇವತ್ಗೂ ಹೇಳಕ್ಕಿಲ್ಲ."

ಒಳಗೆ ಟಿವಿ ಮುಂದೆ ನೆಂಟರು, ಅಕ್ಕಪಕ್ಕದವರು ತುಂಬಿದ್ದರು. "ಕಥೆ ಬರ್ದೋರ ಹೆಸ್ರೇಳಜ್ಜಿ!" ಎಂದು ಹುಡುಗಿಯರು ರೇಗಿಸಿದರು. ಶಿವಮ್ಮ ನಾಚಿ ಬಾಯಿಗೆ ಸೆರಗು ಹಿಡಿದುಕೊಂಡರು. ಈ ವಯಸ್ಸಿಗೂ ಗಂಡನ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲವಂತೆ.

ಕೊನೆಯ ದೃಶ್ಯ ಬಂತು. ದೆವ್ವ ಕಾಲಿಗೆ ಬೀಳುವುದನ್ನೇ ಕಾಯುತ್ತಾ ವೃಷಭೇಂದ್ರಪ್ಪ ಹಾರ ಹಾಕಿಕೊಂಡೇ ಮೀಸೆ ನೀವಿಕೊಳ್ಳುತ್ತಿದ್ದ. ದೆವ್ವ ಬೀಳಲಿಲ್ಲ. ನೆಟ್ಟಗೆ ನಿಂತು ಅವನ ಕಡೆಗೇ ನೋಡಿತು.

"ನಾನು ಗುರುಮಲ್ಲಮ್ಮ. ಕಾಲ್ ಜಾರಿ ಬೀಳ್ನಿಲ್ಲ ಕಣ, ನೀನೇ ನೂಕ್ಬುಟ್ಟೆ. ಬಾವಿಕಟ್ಟೆ ಹಿಡ್ಕಂಡಿದ್ದೆ, ಆ ಬೆರಳ್ನೂ ತುಳ್ದೆ. ಕ್ಷಮೆ ನಾನ್ಯಾಕೆ ಕೇಳ್ಲಿ?"

"ಆಫ್ ಮಾಡ್ರೋ!" ಎಂದು ವೃಷಭೇಂದ್ರಪ್ಪ ಕಿರುಚಿದ. "ನಾನ್ ಬರ್ದಿದ್ದಲ್ಲ ಇದು! ಬೆರಳು ತುಳ್ದಿದ್ದು ಇವ್ರಿಗೆ ಯಾರ್ಲಾ ಹೇಳ್ದೋರು?"

ತನ್ನ ಬಾಯಿಂದ ಏನು ಬಂತೆಂದು ಅವನಿಗೆ ಆಮೇಲೆ ಹೊಳೆಯಿತು. ಅವನು ಕೊರಳಿನ ಹಾರ ಕಿತ್ತುಹಾಕುವುದನ್ನು ನಾನು ಕಣ್ತುಂಬ ನೋಡಿದೆ. ಅಮ್ಮ ಇರಬೇಕಿತ್ತು ಅನ್ನಿಸಿತು.

ಶಿವಮ್ಮ ಎದ್ದರು. ಬಾಯಿಗೆ ಹಿಡಿದಿದ್ದ ಸೆರಗು ಬಿಟ್ಟು ಗಂಡನ ಎದುರಿಗೆ ಬಂದು ನಿಂತರು.

"ವೃಷಭೇಂದ್ರಪ್ಪ," ಎಂದರು. "ಹಿತ್ಲು ಬಾವಿ ಯಾಕ್ಲಾ ಮುಚ್ಸಿದ್ದು?"